ಮನೋವೈದ್ಯರ ಸಂಘದಲ್ಲಿ ಬಣ್ಣದ ಲೆಕ್ಕ: ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಪ್ರಿಯ ಡಾಕ್ಟರೇ,

ಬರ್ಮಿಂಗ್‌ಹ್ಯಾಮ್‌ನಿಂದ ನೀವು ಬರೆದ ಪತ್ರ ತಲುಪಿತು. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸೈಕಿಯಾಟ್ರಿಸ್ಟ್ಸ್ (ಬ್ರಿಟನ್ನಿನ ಮನೋವೈದ್ಯರ ವೃತ್ತಿಸಂಘ) ಜನಾಂಗೀಯ ಸಮಾನತೆಗಾಗಿ ನಡೆಸುತ್ತಿರುವ ಕೆಲಸದ ಬಗ್ಗೆ ನಾವು ಪ್ರಕಟಿಸಿದ ಟಿಪ್ಪಣಿ ನಿಮಗೆ ಒಪ್ಪಿಗೆಯಾಗಿಲ್ಲ. 'ಭಾರತೀಯ ಮೂಲದವರು ಆ ಕಾಲೇಜಿನ ಅಧ್ಯಕ್ಷರಾಗಿದ್ದರು, ಕಪ್ಪು ಮಹಿಳೆಯೂ ಆ ಕುರ್ಚಿಗೆ ಬಂದರು. ಇನ್ನೂ ಸಮಾನತೆ ಎಂದು ಕೂಗಿದರೆ ಅದು ಪರೀಕ್ಷೆಯ ಮಟ್ಟ ಇಳಿಸುವ ಹುನ್ನಾರವಾಗುವುದಿಲ್ಲವೇ?' ಎಂದು ಕೇಳಿದ್ದೀರಿ. ಪತ್ರದ ಕೊನೆಗೆ ಇನ್ನೊಂದು ಪ್ರಶ್ನೆ ಇದೆ: 'ವಾರ್ಡಿನಲ್ಲಿ ರೋಗಿಯೊಬ್ಬರು ಬಣ್ಣ ಹಿಡಿದು ಬೈದರೆ ಸಂಘ ನನಗೇನು ಮಾಡೀತು?' ಮೊದಲನೆಯದಕ್ಕಿಂತ ಈ ಎರಡನೆಯದು ದೊಡ್ಡ ಪ್ರಶ್ನೆ ಎಂದು ನಮಗೆ ತೋರುತ್ತದೆ. ಆದರೂ ಕ್ರಮವಾಗಿ ಹೋಗೋಣ.

ಕುರ್ಚಿಯ ಮಾತು ನಿಜ. ದಿನೇಶ್ ಭೂಗ್ರಾ 2008ರಲ್ಲಿ ಅಧ್ಯಕ್ಷರಾದರು. 2023ರಲ್ಲಿ ಲಾಡೆ ಸ್ಮಿತ್ ಆ ಸ್ಥಾನಕ್ಕೆ ಬಂದ ಮೊದಲ ಕಪ್ಪು ವೈದ್ಯೆ. ಅದಕ್ಕೂ ಮೊದಲು ಅವರು ಮತ್ತು ರಾಜೇಶ್ ಮೋಹನ್ ಕಾಲೇಜಿನಲ್ಲಿ ಜನಾಂಗೀಯ ಸಮಾನತೆಯ ಹೊಣೆ ಹೊತ್ತಿದ್ದರು. 2021ರಲ್ಲಿ ಕಾಲೇಜು ಸಮಾನತೆಯ ಕಾರ್ಯಯೋಜನೆಯನ್ನೂ ಹೊರತಂದಿತು. ಆದರೆ ಅಧ್ಯಕ್ಷರನ್ನು ಸದಸ್ಯರು ಮೂರು ವರ್ಷಕ್ಕೊಮ್ಮೆ ಮತ ಹಾಕಿ ಆರಿಸುತ್ತಾರೆ. ಬಳ್ಳಾರಿಯಿಂದಲೋ ಲಾಗೋಸಿನಿಂದಲೋ ಹೋದ ಟ್ರೈನಿಯ ಬದುಕು ನಿರ್ಧಾರವಾಗುವುದು ಬೇರೆ ಕಡೆ: ಪರೀಕ್ಷಕರ ಅಂಕಪಟ್ಟಿಯಲ್ಲಿ, ಸೂಪರ್‌ವೈಸರ್ ಬರೆಯುವ ವರದಿಯಲ್ಲಿ, ಸಮಿತಿಗೆ ಯಾರ ಹೆಸರು ಸೂಚಿಸೋಣ ಎಂದು ಇಬ್ಬರು ಹಿರಿಯರು ಕಾಫಿ ಕುಡಿಯುತ್ತ ಆಡುವ ಮಾತಿನಲ್ಲಿ. ಅಲ್ಲಿ ಏನಾಗುತ್ತಿದೆ ಎಂಬುದನ್ನು ಎಣಿಸಿಯೇ ತಿಳಿಯಬೇಕು.

ಎಣಿಕೆಯಲ್ಲಿ ತಪ್ಪುಗಳು ನುಸುಳುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇವೆ, ಏಕೆಂದರೆ ಸಂಘಗಳು ಎಡವುವುದು ಇಲ್ಲಿಯೇ. ಕಾಲೇಜಿನ ಸದಸ್ಯತ್ವ ಪರೀಕ್ಷೆಯಲ್ಲಿ ಎ ಮತ್ತು ಬಿ ಎಂಬ ಎರಡು ಲಿಖಿತ ಪತ್ರಿಕೆಗಳು, ಆಮೇಲೆ 16 ಸ್ಟೇಷನ್‌ಗಳ, ಅಂದರೆ ಒಂದಾದ ಮೇಲೊಂದು ಎದುರಿಸುವ 16 ಸನ್ನಿವೇಶಗಳ, ಕ್ಯಾಸ್ಕ್ ಎಂಬ ಕ್ಲಿನಿಕಲ್ ಪರೀಕ್ಷೆ. ಕ್ಯಾಸ್ಕ್‌ನಲ್ಲಿ ನಟರು ರೋಗಿಯಾಗಿಯೋ ಮನೆಯವರಾಗಿಯೋ ಕೂತಿರುತ್ತಾರೆ. ಅಭ್ಯರ್ಥಿ ಮಾತಾಡಿಸುತ್ತಾರೆ, ಪರೀಕ್ಷಕರು ಅಂಕ ಕೊಡುತ್ತಾರೆ. ಇದರ ಫಲಿತಾಂಶವನ್ನು 'ಬಿಳಿಯರು, ಇತರರು' ಎಂದು ಎರಡೇ ಸಾಲಿನಲ್ಲಿ ಬರೆದರೆ ಏನೂ ತಿಳಿಯುವುದಿಲ್ಲ. ಬ್ರಿಟನ್ನಿನಲ್ಲೇ ಓದಿದ ಕಪ್ಪು ಅಥವಾ ಏಷ್ಯನ್ ಮೂಲದ ವೈದ್ಯರನ್ನೂ ಹೊರದೇಶದಲ್ಲಿ ಓದಿ ಬಂದವರನ್ನೂ ಬೇರೆ ಬೇರೆ ಇಡಬೇಕು. ಹಾಗೆ ಇಡದಿದ್ದರೆ 'ಭಾಷೆಯ ತೊಡಕು' ಎಂಬ ಒಂದೇ ಉತ್ತರ ಎಲ್ಲವನ್ನೂ ಮುಚ್ಚಿಹಾಕುತ್ತದೆ. ಮೊದಲ ಪ್ರಯತ್ನದ ಫಲಿತಾಂಶವೂ ಪ್ರತ್ಯೇಕವಾಗಿರಬೇಕು, ಏಕೆಂದರೆ ನಾಲ್ಕನೇ ಸಲ ಬರೆಯುವವರನ್ನು ಅದರೊಳಗೆ ಸೇರಿಸಿದರೆ ಅಂತರ ಹಿಗ್ಗಿ ಕಾಣುತ್ತದೆ. 'ಏಷ್ಯನ್' ಎಂಬ ಒಂದೇ ಖಾನೆಯಲ್ಲಿ ಭಾರತೀಯರು, ಬಾಂಗ್ಲಾದೇಶೀಯರು, ಚೀನೀಯರು ಎಲ್ಲರೂ ಕರಗಿಹೋಗುತ್ತಾರೆ. ಸಣ್ಣ ಗುಂಪುಗಳಲ್ಲಿ ಐದಾರು ಜನರೇ ಇದ್ದಾಗ ಯಾರೆಂದು ಗುರುತು ಹತ್ತೀತು ಎಂದು ಅಂಕಿಗಳನ್ನು ಮರೆಮಾಡುವುದುಂಟು. ಅದಕ್ಕೆ ಮೂರು ವರ್ಷದ ಅಂಕಿಗಳನ್ನು ಕೂಡಿಸಿ ಪ್ರಕಟಿಸುವುದೇ ಪರಿಹಾರ, ಪ್ರಕಟಿಸದೇ ಬಿಡುವುದಲ್ಲ. 'ಹೇಳಲು ಇಷ್ಟವಿಲ್ಲ' ಎಂದು ಗುರುತು ಹಾಕಿದವರು ಎಷ್ಟು ಮಂದಿ ಎಂಬುದನ್ನೂ ನೋಡಿ. ಆ ಸಂಖ್ಯೆ ದೊಡ್ಡದಿದ್ದರೆ ಸದಸ್ಯರಿಗೆ ಸಂಘದ ಮೇಲೆ ಭರವಸೆ ಇಲ್ಲ ಎಂದೇ ಅರ್ಥ.

ಮಟ್ಟ ಇಳಿಯುತ್ತದೆ ಎಂಬ ನಿಮ್ಮ ಅಂಜಿಕೆಗೆ ಪಕ್ಕದ ಕಾಲೇಜೊಂದರ ಪ್ರಸಂಗ ಉತ್ತರ ಕೊಡುತ್ತದೆ. ಜನರಲ್ ಪ್ರಾಕ್ಟೀಷನರ್‌ಗಳ ರಾಯಲ್ ಕಾಲೇಜಿನ ಪರೀಕ್ಷೆಯ ಬಗ್ಗೆ ಅನೀಸ್ ಇಸ್ಮಾಯಿಲ್ ಮತ್ತು ಕ್ರಿಸ್ ರಾಬರ್ಟ್ಸ್ 2013ರಲ್ಲಿ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಯಂತ್ರವೇ ತಿದ್ದುವ ಲಿಖಿತ ಪತ್ರಿಕೆಯ ಅಂಕ, ವಯಸ್ಸು, ಲಿಂಗ ಇಷ್ಟನ್ನೂ ಹೊಂದಿಸಿ ನೋಡಿದ ಮೇಲೂ, ಬ್ರಿಟನ್ನಿನಲ್ಲೇ ಓದಿದ ಅಲ್ಪಸಂಖ್ಯಾತ ಮೂಲದ ವೈದ್ಯರು ಕ್ಲಿನಿಕಲ್ ಪರೀಕ್ಷೆಯಲ್ಲಿ ಮೊದಲ ಸಲ ನಪಾಸಾಗುವ ಸಂಭವ ಬಿಳಿಯರಿಗಿಂತ ಸುಮಾರು ಮೂರೂವರೆ ಪಟ್ಟು ಇತ್ತು. ಇವರು ಅಲ್ಲಿನ ವೈದ್ಯಕೀಯ ಕಾಲೇಜುಗಳಲ್ಲೇ ಕಲಿತವರು. ಭಾರತೀಯ ಮೂಲದ ವೈದ್ಯರ ಸಂಘ ಬಾಪಿಯೊ ಕೋರ್ಟಿಗೆ ಹೋಯಿತು. 2014ರ ಏಪ್ರಿಲ್‌ನಲ್ಲಿ ನ್ಯಾಯಮೂರ್ತಿ ಮಿಟಿಂಗ್ ಪರೀಕ್ಷೆ ಕಾನೂನುಬದ್ಧ ಎಂದೇ ತೀರ್ಪು ಕೊಟ್ಟರು. ಆದರೆ ಬಾಪಿಯೊಗೆ ಸಿಕ್ಕದ್ದು ನೈತಿಕ ಗೆಲುವು ಎಂದರು. ಅಂತರ ಗೊತ್ತಿದ್ದೂ ಕಾಲೇಜು ಕ್ರಮ ಕೈಗೊಳ್ಳದಿದ್ದರೆ ಮುಂದೆ ಕಾನೂನು ಮುರಿದಂತಾದೀತು ಎಂದೂ ಎಚ್ಚರಿಸಿದರು. 2010ರ ಸಮಾನತಾ ಕಾಯ್ದೆಯ 149ನೇ ಕಲಮಿನ ಹೊಣೆ (ಸಾರ್ವಜನಿಕ ಕೆಲಸ ಮಾಡುವವರು ಸಮಾನತೆಯನ್ನು ಗಮನದಲ್ಲಿಡಬೇಕು ಎಂಬುದು) ಪರೀಕ್ಷೆ ನಡೆಸುವ ಕಾಲೇಜಿಗೂ ಅನ್ವಯಿಸುತ್ತದೆ ಎಂಬುದು ಆ ತೀರ್ಪಿನ ಮುಖ್ಯ ಭಾಗ.

ಕ್ರಮ ಎಂದರೆ ಪಾಸಾಗಲು ಬೇಕಾದ ಅಂಕ ಇಳಿಸುವುದಲ್ಲ. ಪ್ರತಿ ಸ್ಟೇಷನ್ನನ್ನೂ ಬಿಡಿಬಿಡಿಯಾಗಿ ಪರಿಶೀಲಿಸುವುದು. ಒಟ್ಟಾರೆ ಸಮಾನ ಅಂಕ ಪಡೆದ ಎರಡು ಗುಂಪುಗಳು ಒಂದು ನಿರ್ದಿಷ್ಟ ಸ್ಟೇಷನ್ನಿನಲ್ಲಿ ಮಾತ್ರ ಬೇರ್ಪಟ್ಟರೆ ಆ ಸ್ಟೇಷನ್ ರೋಗಿಯ ಆರೈಕೆಗೆ ಬೇಕಾದದ್ದನ್ನು ಅಳೆಯುತ್ತಿದೆಯೇ, ಅಥವಾ ಪಬ್ಬಿನ ಮಾತುಗಾರಿಕೆಯನ್ನು ಅಳೆಯುತ್ತಿದೆಯೇ ಎಂದು ಕೇಳಬೇಕು. ಪರೀಕ್ಷಕರ ಪಟ್ಟಿಯಲ್ಲಿ ಯಾರಿದ್ದಾರೆ, ನಟರನ್ನು ಎಲ್ಲಿಂದ ಕರೆತರುತ್ತಾರೆ, ನಪಾಸಾದವರಿಗೆ ಕೊಡುವ ಷರಾ ಯಾವ ಸ್ಟೇಷನ್ನಿನಲ್ಲಿ ಏನು ತಪ್ಪಿತು ಎಂದು ಹೇಳುತ್ತದೆಯೇ, ಇವೆಲ್ಲ ಮಟ್ಟ ಹೆಚ್ಚಿಸುವ ಪ್ರಶ್ನೆಗಳೇ. ಇದರ ಜೊತೆಗೆ ತರಬೇತಿಯ ಆಸ್ಪತ್ರೆಗಳ ಕಡೆಗೂ ತಿರುಗಬೇಕು. ಹಿರಿಯರೊಂದಿಗಿನ ಸಂಬಂಧ, ತಂಡದಲ್ಲಿ ನಾನೂ ಒಬ್ಬ ಎಂಬ ಭಾವನೆ, ತಪ್ಪಾದಾಗ ನೆಟ್ಟಗೆ ತಿದ್ದಿಹೇಳುವವರು ಇಲ್ಲದಿರುವುದು: ಕ್ಯಾಥರೀನ್ ವುಲ್ಫ್ ತಂಡ 2016ರಲ್ಲಿ ವೈದ್ಯರ ನಿಯಂತ್ರಣ ಸಂಸ್ಥೆಯಾದ ಜನರಲ್ ಮೆಡಿಕಲ್ ಕೌನ್ಸಿಲ್‌ಗಾಗಿ ನಡೆಸಿದ ಅಧ್ಯಯನ ಬೊಟ್ಟು ಮಾಡಿದ್ದು ಇಂಥವುಗಳತ್ತ. ಹೊಸದಾಗಿ ಬಂದವರಿಗೆ ಬಿರುಸಾಗಿ ಹೇಳಿದರೆ ಎಲ್ಲಿ ವರ್ಣಭೇದ ಎಂದಾರೋ ಎಂದು ಸೂಪರ್‌ವೈಸರ್ ಬಾಯಿ ಮುಚ್ಚಿಕೊಂಡರೆ, ಟ್ರೈನಿಗೆ ತನ್ನ ಕೊರತೆ ಗೊತ್ತಾಗುವುದು ಪರೀಕ್ಷೆಯ ದಿನವೇ.

ಸಮಿತಿಗಳ ವಿಷಯ ಚುಟುಕಾಗಿ. ಹುದ್ದೆ ತೆರವಾದದ್ದು ಎಲ್ಲ ಸದಸ್ಯರಿಗೂ ತಿಳಿಯಬೇಕು, ಮಾನದಂಡ ಮೊದಲೇ ಬರೆದಿರಬೇಕು, ಹೆಸರು ಮುಚ್ಚಿ ಅಂಕ ಹಾಕಬೇಕು, ಅವಧಿಗೆ ಮಿತಿ ಇರಬೇಕು. ಜನ ಅಷ್ಟಾಗಿ ಗಮನಿಸದ ಇನ್ನೊಂದು ಜಾಗ ಕನ್ಸಲ್ಟಂಟ್ (ಹಿರಿಯ ತಜ್ಞ ವೈದ್ಯರು) ನೇಮಕದ ಸಂದರ್ಶನ. ಅಲ್ಲಿಗೆ ಕಾಲೇಜಿನ ಪ್ರತಿನಿಧಿಯೊಬ್ಬರು ಕೂರುವ ಪದ್ಧತಿಯಿದೆ. ಚರ್ಚೆಗೆ ಮುಂಚೆ ಪ್ರತಿಯೊಬ್ಬರೂ ತಮ್ಮ ಅಂಕ ಬರೆದಿಡಲಿ ಎಂದು ಆ ಪ್ರತಿನಿಧಿ ಪಟ್ಟು ಹಿಡಿದರೆ, 'ನಮ್ಮ ತಂಡಕ್ಕೆ ಹೊಂದಿಕೊಳ್ಳುತ್ತಾರಾ?' ಎಂಬ ಮಾತಿಗೆ ಅಲ್ಲಿ ಜಾಗ ಉಳಿಯುವುದಿಲ್ಲ. ಒಂದು ದಿನದ ಪೂರ್ವಗ್ರಹ ನಿವಾರಣಾ ತರಬೇತಿಗಿಂತ ಇದರ ಮೇಲೆ ನಮಗೆ ನಂಬಿಕೆ ಹೆಚ್ಚು. ಕ್ಷಮಾಪಣೆಯ ಹೇಳಿಕೆಗಳ ಬಗ್ಗೆಯೂ ಅಷ್ಟೇ: ಅಮೆರಿಕದ ಮನೋವೈದ್ಯರ ಸಂಘ 2021ರ ಜನವರಿಯಲ್ಲಿ ತನ್ನ ಇತಿಹಾಸಕ್ಕಾಗಿ ಕ್ಷಮೆ ಕೇಳಿತು, ಕೇಳಬೇಕಾದದ್ದೇ. ಆದರೆ ಅದರ ಬೆನ್ನಿಗೆ ಹೊಣೆಗಾರರ ಹೆಸರು, ಗಡುವು, ವರ್ಷಕ್ಕೊಮ್ಮೆ ಪ್ರಕಟವಾಗುವ ಅಂಕಿ ಬರದಿದ್ದರೆ ಅದು ಮೂಗಿಗೆ ತುಪ್ಪ ಸವರಿದಂತೆ.

ನಮ್ಮವರಿಗೂ ಒಂದು ಮಾತು ಹೇಳಲೇಬೇಕು. ಬ್ರಿಟನ್ನಿನ ಸಮಾನತಾ ಕಾಯ್ದೆಯಲ್ಲಿ ಜಾತಿಯನ್ನು ಸ್ಪಷ್ಟವಾಗಿ ಸೇರಿಸುವ ಪ್ರಸ್ತಾಪವನ್ನು ಸರ್ಕಾರ 2018ರಲ್ಲಿ ಕೈಬಿಟ್ಟು, ಕೋರ್ಟಿನ ತೀರ್ಪುಗಳೇ ಸಾಕು ಎಂದಿತು. ಕಾನೂನು ಹೇಗೇ ಇರಲಿ, ಬಿಳಿಯ ಸಹೋದ್ಯೋಗಿಯಿಂದ ನ್ಯಾಯ ಕೇಳುವ ಭಾರತೀಯ ವೈದ್ಯರು ಅಡ್ಡಹೆಸರು ಕೇಳಿ ಜಾತಿ ಹಿಡಿದು ಜೂನಿಯರ್‌ಗಳನ್ನು ಅಳೆಯುವುದು ಬಿಡಬೇಕು.

ಇನ್ನು ವಾರ್ಡು. ಡೇವಿಡ್ ಬೆನೆಟ್ ಎಂಬ 38 ವರ್ಷದ ಕಪ್ಪು ರೋಗಿ 1998ರ ಅಕ್ಟೋಬರ್ 30ರಂದು ನಾರಿಚ್‌ನ ಕ್ಲಿನಿಕ್ಕಿನಲ್ಲಿ ಸತ್ತರು. ಆ ಸಂಜೆ ಇನ್ನೊಬ್ಬ ರೋಗಿಯೊಂದಿಗೆ ಜಗಳವಾಗಿ, ಬಣ್ಣ ಹಿಡಿದು ಬೈಸಿಕೊಂಡಿದ್ದರು. ಬೇರೆ ವಾರ್ಡಿಗೆ ಕಳಿಸಿದ್ದು ಬೆನೆಟ್ಟರನ್ನೇ. ಅಲ್ಲಿ ಅವರು ನರ್ಸಿಗೆ ಹೊಡೆದಾಗ ಸಿಬ್ಬಂದಿ ಮುಖ ಕೆಳಗಾಗಿ ಸುಮಾರು 25 ನಿಮಿಷ ಒತ್ತಿಹಿಡಿದರು. ಈ ಸಾವಿನ ಬಗ್ಗೆ ನಡೆದ ಬ್ಲೋಫೆಲ್ಡ್ ವಿಚಾರಣೆಯ ವರದಿ ಸಾಂಸ್ಥಿಕ ವರ್ಣಭೇದ ಎಂಬ ಮಾತನ್ನು ನೇರವಾಗಿ ಬಳಸಿತು. ಇವತ್ತಿಗೂ ಇಂಗ್ಲೆಂಡಿನಲ್ಲಿ ಮಾನಸಿಕ ಆರೋಗ್ಯ ಕಾಯ್ದೆಯಡಿ ಬಲವಂತವಾಗಿ ದಾಖಲಾಗುವ ಪ್ರಮಾಣ ಕಪ್ಪು ಜನರಲ್ಲಿ ಬಿಳಿಯರಿಗಿಂತ ಮೂರೂವರೆ-ನಾಲ್ಕು ಪಟ್ಟು. ಬೈಗುಳವನ್ನು 'ಕಾಯಿಲೆಯ ಮಾತು, ಬಿಡಿ' ಎನ್ನುವ ವಾರ್ಡು ರೋಗಿಗೂ ವೈದ್ಯರಿಗೂ ಒಂದೇ ಅಪಾಯ ಒಡ್ಡುತ್ತದೆ. ಅದಕ್ಕೇ ನಿಮ್ಮ ಎರಡನೇ ಪ್ರಶ್ನೆ ದೊಡ್ಡದು ಎಂದದ್ದು.

ಹಾಗೆ ಬೈಸಿಕೊಂಡಾಗ ಮೊದಲು ಆ ಮಾತುಕತೆ ನಿಲ್ಲಿಸಿ ಹೊರಬನ್ನಿ; ತುರ್ತು ಆರೈಕೆ ಬೇಕಿದ್ದರೆ ಇನ್ನೊಬ್ಬರನ್ನು ಕರೆಯಿರಿ. ಅದೇ ಪಾಳಿಯಲ್ಲಿ ಡೇಟಿಕ್ಸ್‌ನಲ್ಲಿ (ಆಸ್ಪತ್ರೆಯ ಘಟನೆಗಳನ್ನು ವರದಿ ಮಾಡುವ ಕಂಪ್ಯೂಟರ್ ವ್ಯವಸ್ಥೆ) ದಾಖಲಿಸಿ. 'ಅನುಚಿತ ಭಾಷೆ' ಎಂದು ಬರೆಯಬೇಡಿ, ಆಡಿದ ಪದಗಳನ್ನೇ ಉದ್ಧರಿಸಿ, ಹತ್ತಿರ ಯಾರಿದ್ದರೆಂದು ಬರೆಯಿರಿ. ಮೆತ್ತಗೆ ಬರೆದದ್ದು ಟ್ರಸ್ಟಿನ, ಅಂದರೆ ಆಸ್ಪತ್ರೆ ನಡೆಸುವ ಸಂಸ್ಥೆಯ, ಲೆಕ್ಕದಲ್ಲಿ ಜನಾಂಗೀಯ ನಿಂದನೆಯ ಖಾನೆಗೆ ಬೀಳುವುದೇ ಇಲ್ಲ, ಆಮೇಲೆ ಆಡಳಿತ ಮಂಡಳಿ ತೊಂದರೆಯೇ ಇಲ್ಲ ಎಂದು ನಂಬುತ್ತದೆ. ರೋಗಿ ಶಾಂತವಾದ ಮೇಲೆ ಅವರ ಜೊತೆ ಮಾತಾಡಬೇಕಾದವರು ಕನ್ಸಲ್ಟಂಟ್ ಅಥವಾ ವಾರ್ಡ್ ಮ್ಯಾನೇಜರ್, ನೀವಲ್ಲ. ಕಾಯಿಲೆಯ ಭರದಲ್ಲಿ ಆಡಿದ್ದೋ ತಿಳಿದು ಆಡಿದ್ದೋ ಎಂದು ತೂಗಿ ಕೇಸ್ ನೋಟ್ಸಿನಲ್ಲಿ ಬರೆಯುವುದೂ ಅವರ ಕೆಲಸವೇ. ಆ ರೋಗಿಯನ್ನು ನೋಡುವುದು ಮುಂದುವರಿಸಬೇಕೇ ಬೇಡವೇ ಎಂಬುದನ್ನು ನಿಮ್ಮನ್ನು ಕೇಳಿಯೇ ತೀರ್ಮಾನಿಸಬೇಕು. ನಿಮ್ಮನ್ನು ಕೇಳದೆ ಬೇರೆ ವಾರ್ಡಿಗೆ ಹಾಕಿದರೆ ಶಿಕ್ಷೆ ನಿಮಗಾದಂತೆ. ಬೈದವರು ಸಹೋದ್ಯೋಗಿಯಾದರೆ ಸಿಬ್ಬಂದಿಯ ದೂರು-ಆತಂಕ ಕೇಳಲೆಂದೇ ಟ್ರಸ್ಟಿನಲ್ಲಿರುವ ಫ್ರೀಡಂ ಟು ಸ್ಪೀಕ್ ಅಪ್ ಗಾರ್ಡಿಯನ್ ಬಳಿ ಹೋಗಿ.

ಕಾಲೇಜು ಈ ಬಗ್ಗೆ ಆಸ್ಪತ್ರೆಗಳಿಗೆ ಮಾರ್ಗಸೂಚಿ ಕೊಟ್ಟಿದೆ, ಆದರೆ ನಿಮ್ಮ ಉದ್ಯೋಗದಾತರು ಕಾಲೇಜಲ್ಲ, ಟ್ರಸ್ಟು. ಹಾಗಾಗಿ ನಿಮ್ಮ ದೂರನ್ನು ಕಾಲೇಜು ವಿಚಾರಣೆ ಮಾಡಲಾರದು. ಆ ಮಾರ್ಗಸೂಚಿಯನ್ನು ಮೆಡಿಕಲ್ ಡೈರೆಕ್ಟರ್‌ಗೆ ಕಳಿಸಿ, ಇದರಲ್ಲಿ ಯಾವುದನ್ನು ಯಾವಾಗ ಜಾರಿ ಮಾಡುತ್ತೀರಿ ಎಂದು ಬರಹದಲ್ಲೇ ಕೇಳಬಹುದು. ನಾಲ್ಕಾರು ವೈದ್ಯರು ಒಟ್ಟಿಗೆ ಸಹಿ ಹಾಕಿದರೆ ಉತ್ತರ ಬೇಗ ಬರುತ್ತದೆ. ವಿಷಯ ಎಂಪ್ಲಾಯ್‌ಮೆಂಟ್ ಟ್ರಿಬ್ಯುನಲ್‌ವರೆಗೆ (ಉದ್ಯೋಗದ ತಕರಾರು ಕೇಳುವ ನ್ಯಾಯಮಂಡಳಿ) ಹೋದೀತು ಅನ್ನಿಸಿದರೆ ಒಳಗಿನ ವಿಚಾರಣೆ ಮುಗಿಯಲಿ ಎಂದು ಕಾಯುತ್ತ ಕೂರಬೇಡಿ. ಹಾಗೆ ಕಾದು ಗಡುವು ಕಳೆದುಕೊಂಡವರು ಬಹಳ. ಘಟನೆ ನಡೆದ ದಿನದಿಂದ ಮೂರು ತಿಂಗಳು ತುಂಬುವ ಮೊದಲೇ ಉದ್ಯೋಗ ತಕರಾರುಗಳ ರಾಜಿ ಸಂಸ್ಥೆಯಾದ ಅಕಾಸ್‌ಗೆ ತಿಳಿಸಿ, ವೈದ್ಯರ ಕಾರ್ಮಿಕ ಸಂಘವಾದ ಬಿಎಂಎ ಸದಸ್ಯರಾಗಿದ್ದರೆ ಅದಕ್ಕೂ ಮುಂಚೆ ಅವರ ಸಲಹೆ ಪಡೆಯಿರಿ.

— ಸಂ.