ಜ್ಯಾಕ್ ಇಲ್ಲದ ಫೋನಿಗೆ ವೈರ್ ಇಯರ್‌ಫೋನ್

ಪ್ರಶ್ನೆ: ಹೊಸ ಫೋನಿನಲ್ಲಿ ಇಯರ್‌ಫೋನ್ ಜ್ಯಾಕ್ ಇಲ್ಲ. ಅಗ್ಗದ ಟೈಪ್-ಸಿ ಕನೆಕ್ಟರ್ ತಂದು ಹಾಕಿದರೂ ಸದ್ದು ಸ್ಪೀಕರ್‌ನಿಂದಲೇ ಬರುತ್ತಿದೆ. ಈಗಲೂ ಜನ ವೈರ್ ಬಳಸುತ್ತಾರೆಯೇ? ನಾನೂ ಬ್ಲೂಟೂತ್‌ಗೆ ಹೋಗಲೇ?
– ಓದುಗರು, ಹಾಸನ

ಉತ್ತರ: ಧಾರಾಳವಾಗಿ ಬಳಸುತ್ತಾರೆ. ಹಾಡು ರೆಕಾರ್ಡ್ ಮಾಡುವವರಿಗೆ, ಫೋನಿನಲ್ಲೇ ಕೀಬೋರ್ಡ್ ನುಡಿಸುವವರಿಗೆ ವೈರೇ ಸರಿ. ಬ್ಲೂಟೂತ್ ಧ್ವನಿಯನ್ನು ಕುಗ್ಗಿಸಿ ಕಳಿಸಿ ಮತ್ತೆ ಬಿಚ್ಚುವುದರಿಂದ ತಡವಾಗುತ್ತದೆ, ತಾಳ ತಪ್ಪುತ್ತದೆ. ವೈರಿಗೆ ಚಾರ್ಜ್ ಚಿಂತೆಯೂ ಇಲ್ಲ.

ನಿಮ್ಮ ತೊಂದರೆ ಬಹುಶಃ ಕನೆಕ್ಟರಿನದೇ. ಇವುಗಳಲ್ಲಿ ಎರಡು ಬಗೆ. ಒಂದರೊಳಗೆ ಬರೀ ತಂತಿ. ಟೈಪ್-ಸಿ ಪೋರ್ಟಿನಿಂದಲೇ ಅನಲಾಗ್ (ಇಯರ್‌ಫೋನ್ ನೇರವಾಗಿ ನುಡಿಸಬಲ್ಲ) ಧ್ವನಿ ಕೊಡುವ ಫೋನುಗಳಿಗೆ ಮಾತ್ರ ಅದು ಆಗುತ್ತದೆ. ಇನ್ನೊಂದರಲ್ಲಿ ಡಿಜಿಟಲ್ ಧ್ವನಿಯನ್ನು ಅನಲಾಗ್ ಮಾಡುವ ‘ಡ್ಯಾಕ್’ ಚಿಪ್ ಇರುತ್ತದೆ. ಅಂಗಡಿಯಲ್ಲಿ ‘ಡ್ಯಾಕ್ ಇರುವುದು’ ಎಂದೇ ಕೇಳಿ, ನಿಮ್ಮ ಫೋನಿಗೆ ಹಾಕಿ ನೋಡಿಯೇ ದುಡ್ಡು ಕೊಡಿ. ಒಪ್ಪೊ, ವಿವೋ, ರಿಯಲ್‌ಮಿಯ ಹಲವು ಫೋನುಗಳಲ್ಲಿ ಸೆಟ್ಟಿಂಗ್ಸ್‌ನಲ್ಲಿ ಒಟಿಜಿ (ಪೋರ್ಟಿಗೆ ಹೊರಗಿನ ಸಾಧನ ಜೋಡಿಸುವ ಸೌಲಭ್ಯ) ಆನ್ ಮಾಡಬೇಕು. ಬಳಸದಿದ್ದರೆ ಅದು ತಾನೇ ಆಫ್ ಆಗುತ್ತದೆ. ಐಫೋನ್ 2016ರ ಮಾದರಿ 7ರಲ್ಲೇ ಜ್ಯಾಕ್ ಕೈಬಿಟ್ಟಿತು. 15ರಿಂದ ಅದಕ್ಕೂ ಟೈಪ್-ಸಿ, ಅದೇ ಡ್ಯಾಕ್ ಕನೆಕ್ಟರ್ ನಡೆಯುತ್ತದೆ.

ಮೈಕ್ ಬೇಕಿದ್ದರೆ ಇಯರ್‌ಫೋನ್ ಪಿನ್ನಿನ ಮೇಲೆ ಲೋಹವನ್ನು ಬೇರ್ಪಡಿಸುವ ಮೂರು ಪಟ್ಟಿ ಇರಲಿ. ಎರಡೇ ಇದ್ದರೆ ಕೇಳಿಸುತ್ತದಷ್ಟೇ. ಕನೆಕ್ಟರ್ ಸಡಿಲವೆನಿಸಿದರೆ ಫೋನ್ ಆಫ್ ಮಾಡಿ, ಪೋರ್ಟಿನ ಧೂಳನ್ನು ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ತೆಗೆಯಿರಿ. ಸೂಜಿ ಮಾತ್ರ ಬೇಡವೇ ಬೇಡ, ಒಳಗಿನ ಪಿನ್ನುಗಳು ಬಾಗುತ್ತವೆ. ಕೀಳುವಾಗ ವೈರ್ ಎಳೆಯದೆ ಪ್ಲಗ್ ಹಿಡಿಯಿರಿ. ಪ್ಲಗ್ಗಿನ ಬುಡದಲ್ಲೇ ತಂತಿ ತುಂಡಾಗಿ ಒಂದು ಕಿವಿ ಸತ್ತುಹೋಗುವುದು ಹೆಚ್ಚು.