ಹಳೆಯ ಕ್ಯಾಬಿನ್ ದೋಣಿಯನ್ನು ತೂಗಿ ನೋಡಿ, ತಟ್ಟಿ ನೋಡಿ

ಪ್ರಶ್ನೆ: ನಾವು ಅಮೆರಿಕದ ಸಿಯಾಟಲ್ ಸಮೀಪ ನೆಲೆಸಿರುವ ನಾಲ್ವರ ಕುಟುಂಬ. ಲೇಕ್ ವಾಷಿಂಗ್ಟನ್‌ನಲ್ಲಿ ವಿಹರಿಸಲು, ಬೇಸಿಗೆಯಲ್ಲಿ ಸಮುದ್ರದಲ್ಲಿರುವ ಸ್ಯಾನ್ ಹುವಾನ್ ದ್ವೀಪಗಳಿಗೆ ಹೋಗಿ ರಾತ್ರಿ ತಂಗಲು ಟ್ರೇಲರ್ ಮೇಲೆ ಒಯ್ಯಬಹುದಾದ ಹಳೆಯ ದೋಣಿಯೊಂದನ್ನು ಹುಡುಕುತ್ತಿದ್ದೇವೆ. 1990ರ ದಶಕದ, 24 ಅಡಿ ಉದ್ದದ, ಎಂಜಿನ್ ಒಳಗಿರುವ ಸ್ಟರ್ನ್‌ಡ್ರೈವ್ ದೋಣಿ ಮನಸ್ಸಿಗೆ ಹಿಡಿಸಿದೆ. ಅದರ ತೂಕ 4,500 ಪೌಂಡ್, ನಮ್ಮ ಕಾರಿನ ಎಳೆಯುವ ಸಾಮರ್ಥ್ಯ 5,000 ಪೌಂಡ್. ಕೆರೆಯಲ್ಲಷ್ಟೇ ಓಡಿದ ದೋಣಿ ಎಂದು ಮಾರುವವರು ಹೇಳುತ್ತಾರೆ. ಕೊಳ್ಳಬಹುದೇ?
– ಓದುಗರೊಬ್ಬರು, ಸಿಯಾಟಲ್

ಉತ್ತರ: ಈ ಕಾರಿಗೆ ಆ ದೋಣಿಯನ್ನು ದಯವಿಟ್ಟು ಕಟ್ಟಬೇಡಿ. ಜಾಹೀರಾತಿನಲ್ಲಿ ಬರೆಯುವುದು ಸಾಮಾನ್ಯವಾಗಿ ಖಾಲಿ ದೋಣಿಯ ತೂಕ. ಅದಕ್ಕೆ 80 ಗ್ಯಾಲನ್ ಪೆಟ್ರೋಲಿನ ಸುಮಾರು 490 ಪೌಂಡ್, 20 ಗ್ಯಾಲನ್ ನೀರಿನ 165 ಪೌಂಡ್, ಟ್ರೇಲರಿನದೇ 1,200 ಪೌಂಡ್ ಸೇರಿದರೆ, ಲಂಗರು, ಬ್ಯಾಟರಿ, ಹಾಸಿಗೆ, ಅಡುಗೆ ಸಾಮಾನುಗಳನ್ನು ಲೆಕ್ಕಕ್ಕೆ ಹಿಡಿಯುವ ಮೊದಲೇ 6,300 ಪೌಂಡ್ ದಾಟುತ್ತದೆ. ಎಳೆಯುವುದಕ್ಕಿಂತ ಇಳಿಜಾರಿನಲ್ಲಿ ನಿಲ್ಲಿಸುವುದು ಕಷ್ಟ ಎಂಬುದನ್ನು, ಮಕ್ಕಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗುವ ನೀವು ಮರೆಯಬಾರದು.

ನಿಮಗೆ ಒಪ್ಪುವುದು ಔಟ್‌ಬೋರ್ಡ್, ಅಂದರೆ ಹಿಂಬದಿಯ ಹೊರಗೆ ತೂಗುಹಾಕುವ ಎಂಜಿನಿನ, 22 ಅಡಿಯ ಹಗುರ ದೋಣಿ. ನಿಮ್ಮ ರಾಜ್ಯದಲ್ಲಿಯೇ ತಯಾರಾದ ಸಿ-ಡೋರಿ 22 ಇಂಥದ್ದು. ಅದರ ಅಗಲ 7 ಅಡಿ 8 ಅಂಗುಲ. ವಿಶೇಷ ಪರವಾನಗಿಯಿಲ್ಲದೆ ಹೆದ್ದಾರಿಯಲ್ಲಿ ಸಾಗಲು ಇರುವ 8 ಅಡಿ 6 ಅಂಗುಲದ ಮಿತಿಯೊಳಗೆ ಅದು ಆರಾಮವಾಗಿ ಬರುತ್ತದೆ. ಆದರೂ ಟ್ರೇಲರ್ ಸಮೇತ ವೇಬ್ರಿಜ್ ಮೇಲೆ ನಿಲ್ಲಿಸಿ ತೂಗಿಸದೆ ಮುಂಗಡ ಕೊಡಬೇಡಿ.

ಸ್ಟರ್ನ್‌ಡ್ರೈವ್ ಬೇಡ ಎನ್ನುವುದಕ್ಕೆ ಉಪ್ಪುನೀರು ಇನ್ನೊಂದು ಕಾರಣ. ಅದರಲ್ಲಿ ಎಂಜಿನ್ ಒಳಗಿದ್ದು, ಪ್ರೊಪೆಲ್ಲರಿನ ಕಾಲು ಹಿಂಬದಿಯ ಗೋಡೆಯನ್ನು ತೂರಿ ಹೊರಗೆ ಬರುತ್ತದೆ. ಆ ಜಾಗದಲ್ಲಿ ನೀರನ್ನು ತಡೆಯುವುದು ತಿದಿಯಂತೆ ಮಡಿಕೆಯಿರುವ ರಬ್ಬರ್ ಕೊಳವೆ ಮಾತ್ರ. ಅದು ಸೀಳಿದರೆ ಕಟ್ಟಿಹಾಕಿದ ದೋಣಿಯೂ ಮುಳುಗಬಹುದು. ಸಮುದ್ರದ ನೀರಿನಿಂದಲೇ ಎಂಜಿನನ್ನು ತಣಿಸುವ ವ್ಯವಸ್ಥೆಯಿದ್ದರೆ ಹೊಗೆ ಸಾಗುವ ಎರಕದ ಕಬ್ಬಿಣದ ಭಾಗಗಳು ಒಳಗಿನಿಂದ ತುಕ್ಕು ಹಿಡಿಯುತ್ತವೆ. ಔಟ್‌ಬೋರ್ಡನ್ನಾದರೆ ಮೇಲೆತ್ತಿ, ಸಿಹಿನೀರಿನಲ್ಲಿ ತೊಳೆದುಬಿಡಬಹುದು. ಕೆರೆಯ ದೋಣಿ ಎಂಬ ಮಾತನ್ನೂ ಪರೀಕ್ಷಿಸದೆ ನಂಬಬೇಡಿ: 1917ರಲ್ಲಿ ಆರಂಭವಾದ ಬಲ್ಲಾರ್ಡ್ ಲಾಕ್‌ಗಳ (ದೋಣಿಗಳನ್ನು ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ ಬಾಗಿಲಿನ ಕಟ್ಟೆಗಳ) ಮೂಲಕ ನಿಮ್ಮ ಕೆರೆಯಿಂದ ದೋಣಿಗಳು ನೇರವಾಗಿ ಪ್ಯೂಜೆಟ್ ಸೌಂಡಿನ ಉಪ್ಪುನೀರಿಗೆ ಇಳಿಯುತ್ತವೆ.

ಯಾವ ದೋಣಿಯನ್ನೇ ನೋಡಲು ಹೋದರೂ ಹಲಸಿನ ಹಣ್ಣನ್ನು ತಟ್ಟಿ ನೋಡುವಂತೆ, ಸ್ಕ್ರೂಡ್ರೈವರಿನ ಹಿಡಿಯಿಂದ ಎಂಜಿನ್ ಕೂರುವ ಹಿಂಗೋಡೆಯನ್ನು ಅಂಗೈಯಗಲದ ಅಂತರದಲ್ಲಿ ಮೇಲಿನಿಂದ ಕೆಳಗೆ ತಟ್ಟುತ್ತಾ ಬನ್ನಿ. ಗಟ್ಟಿಯಾದ, ಸ್ಪಷ್ಟ ಸದ್ದು ಒಂದು ಕಡೆ ಮಂಕಾದರೆ ಫೈಬರ್‌ಗ್ಲಾಸಿನ ನಡುವಿನ ಪ್ಲೈವುಡ್ ನೀರು ಕುಡಿದು ಕೊಳೆತಿರುವ ಸಂಭವವಿದೆ. ಇಂಥ ದುರಸ್ತಿಯ ಖರ್ಚು ಹಳೆಯ ದೋಣಿಯ ಬೆಲೆಯನ್ನೇ ಮೀರಬಹುದಾದ್ದರಿಂದ ಅಲ್ಲಿಂದಲೇ ಹಿಂದಿರುಗಿ. ಸದ್ದು ಸರಿಯಿದ್ದರೆ ದೋಣಿಗಳನ್ನು ಪರೀಕ್ಷಿಸುವ ಸರ್ವೇಯರ್ ಒಬ್ಬರನ್ನು ನೀವೇ ಗೊತ್ತುಮಾಡಿ. ಮಾರುವವರು ಸೂಚಿಸಿದವರು ಬೇಡ. ಬಿಸಿಯಾದ ಎಂಜಿನ್ ಚಾಲೂ ಆಗುವಾಗಿನ ತೊಂದರೆಯನ್ನು ಮರೆಮಾಚುವುದರಿಂದ, ನೀವು ಬರುವ ಮುನ್ನ ಅದನ್ನು ಚಾಲೂ ಮಾಡಬಾರದೆಂದು ಮೊದಲೇ ತಿಳಿಸಿ, ಅದು ತಣ್ಣಗಿರುವುದನ್ನು ಕೈಯಿಟ್ಟು ಖಚಿತಪಡಿಸಿಕೊಂಡ ಮೇಲೆಯೇ ದೋಣಿಯನ್ನು ನೀರಿಗಿಳಿಸಲು ಹೇಳಿ.