ಹೊಸ ಪಿಕಪ್‌ಗೆ ಮೂರು ಬ್ಯಾಟರಿ ಹಾಕಿಸಿದರೂ ಕರೆಂಟ್ ತೊಂದರೆ ಹೋಗ್ತಿಲ್ಲ, ಗಾಡಿ ಮಾರಿಬಿಡಲೇ?

ಮಾರಬೇಡಿ. ನಾಲ್ಕನೇ ಬ್ಯಾಟರಿಯನ್ನೂ ಹಾಕಿಸಬೇಡಿ. ಬೆಳಿಗ್ಗೆ ಸೆಲ್ಫ್ ಹೊಡೆದರೆ ಬರೀ ಕಟಕಟ ಸದ್ದು, ಡ್ಯಾಶ್‌ಬೋರ್ಡಿನಲ್ಲಿ ಎಬಿಎಸ್ (ಬ್ರೇಕ್ ವ್ಯವಸ್ಥೆ), ಇಂಜಿನ್, ಬ್ಯಾಟರಿ ದೀಪಗಳೆಲ್ಲ ಒಟ್ಟಿಗೆ ಹತ್ತುವುದು, ಬೇರೆ ಗಾಡಿಯಿಂದ ಕೇಬಲ್ ಕೊಟ್ಟರೆ ತಟ್ಟನೆ ಸ್ಟಾರ್ಟ್ ಆಗಿ ಸಂಜೆವರೆಗೆ ಏನೂ ಆಗದ ಹಾಗೆ ಓಡುವುದು. ನೀವು ಬರೆದ ಈ ಮೂರೂ ಲಕ್ಷಣ ಕೋಲಾರ ಮಾರ್ಕೆಟ್ಟಿಗೆ ಟೊಮೆಟೊ ಹೊರುವ ನಮ್ಮ ಗಾಡಿಯಲ್ಲಿ ಹಾಗೆಹಾಗೇ ಇದ್ದವು. ಕೊನೆಗೆ ಸಿಕ್ಕಿದ್ದು ಚಾಸಿಯ (ಗಾಡಿಯ ಕಬ್ಬಿಣದ ಚೌಕಟ್ಟಿನ) ಮೇಲಿನ ಅರ್ಥ್ ಬೋಲ್ಟ್. ಕರೆಂಟ್ ಬ್ಯಾಟರಿಯ ನೆಗೆಟಿವ್‌ಗೆ ವಾಪಸ್ ಬರುವ ದಾರಿಯೇ ಅರ್ಥ್, ಅದರ ವೈರನ್ನು ಚಾಸಿಗೆ ಬಿಗಿಯುವುದು ಈ ಬೋಲ್ಟ್. ಟಾರ್ಪಾಲಿನ ಕ್ಯಾರಿಯರ್ ಕೂರಿಸುವಾಗ ಆ ಬೋಲ್ಟ್ ಬಿಚ್ಚಿ, ಪಕ್ಕದಲ್ಲೇ ವೆಲ್ಡಿಂಗ್ ಮಾಡಿ, ಕಪ್ಪು ಪೇಂಟ್ ಹೊಡೆದು, ಆ ಪೇಂಟಿನ ಮೇಲೆಯೇ ಅರ್ಥ್ ವೈರಿನ ಲಗ್ (ತುದಿಯ ಲೋಹದ ಬಳೆ) ಇಟ್ಟು ಬಿಗಿದಿದ್ದರು. ಮೊದಮೊದಲು ಬೋಲ್ಟಿನ ಹಲ್ಲುಗಳ ಮೂಲಕವೇ ಕರೆಂಟ್ ಹೋಗಿ ಕೆಲಸ ನಡೆಯಿತು. ಮಳೆಗಾಲದಲ್ಲಿ ಆ ಹಲ್ಲುಗಳಿಗೂ ತುಕ್ಕು ಹಿಡಿದ ಮೇಲೆ ರಗಳೆ ಶುರು.

ಗಾಡಿ ಹೊಸದು ಅಂದಮಾತ್ರಕ್ಕೆ ಕಂಪನಿಯದೇ ದೋಷ ಅಂತ ತೀರ್ಮಾನಿಸಬೇಡಿ. ಪಿಕಪ್ ಶೋರೂಮಿನಿಂದ ಬಂದಮೇಲೆ ಕ್ಯಾರಿಯರ್, ಗ್ರಿಲ್, ಎಲ್‌ಇಡಿ ಪಟ್ಟಿ, ಏರ್ ಹಾರ್ನ್, ಮ್ಯೂಸಿಕ್ ಸಿಸ್ಟಮ್, ಜಿಪಿಎಸ್ ಅಂತ ಅದರ ಮೇಲೆ ಎಷ್ಟು ಕೈ ಆಡುತ್ತವೆ ನೋಡಿ. ನಿಮ್ಮ ಗಾಡಿಗೂ ಕ್ಯಾರಿಯರ್ ಹಾಕಿಸಿದ್ದೀರಿ ಎಂದು ಬರೆದಿದ್ದೀರಿ. ನನ್ನ ಅನುಮಾನ ನೇರ ಅಲ್ಲಿಗೇ ಹೋಗುತ್ತದೆ.

ಮೊದಲು ಒಂದು ಸುಲಭದ ಪರೀಕ್ಷೆ. ಗಾಡಿ ಸ್ಟಾರ್ಟ್ ಆಗದ ಬೆಳಿಗ್ಗೆ ಒಂದು ಜಂಪರ್ ಕೇಬಲ್ (ಎರಡೂ ತುದಿಗೆ ಕ್ಲಿಪ್ ಇರುವ ದಪ್ಪ ವೈರ್) ತೆಗೆದುಕೊಂಡು ಒಂದು ತುದಿಯನ್ನು ನಿಮ್ಮದೇ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಇಂಜಿನ್ ಬ್ಲಾಕಿನ ಪೇಂಟಿಲ್ಲದ ಕಬ್ಬಿಣಕ್ಕೆ ಸಿಕ್ಕಿಸಿ. ಬೆಲ್ಟ್, ಫ್ಯಾನಿನಿಂದ ಕೇಬಲ್ ದೂರ ಇರಲಿ. ಈಗ ಸೆಲ್ಫ್ ಹೊಡೆಯಿರಿ. ಬೇರೆ ಗಾಡಿಯ ಸಹಾಯವೇ ಇಲ್ಲದೆ ಜೋರಾಗಿ ತಿರುಗಿದರೆ ಬ್ಯಾಟರಿ ಸರಿಯಿದೆ, ಅರ್ಥ್ ದಾರಿ ಕೆಟ್ಟಿದೆ. ಬೇರೆ ಗಾಡಿಯಿಂದ ಕೇಬಲ್ ಕೊಟ್ಟಾಗ ಸ್ಟಾರ್ಟ್ ಆಗುವುದಕ್ಕೂ ಎಷ್ಟೋ ಸಲ ಇದೇ ಕಾರಣ. ಕಪ್ಪು ಕ್ಲಿಪ್ಪನ್ನು ಇಂಜಿನ್ನಿಗೆ ಹಾಕಿದಾಗ ಕೆಟ್ಟ ಬೋಲ್ಟನ್ನು ಬಿಟ್ಟು ಕರೆಂಟಿಗೆ ಬೇರೆ ದಾರಿ ಸಿಗುತ್ತದೆ. ನೋಡಿದವರು ಬ್ಯಾಟರಿ ವೀಕ್ ಅಂತಾರೆ.

ಇನ್ನು ನಮಗೆ ದುಬಾರಿ ಬಿದ್ದ ತಪ್ಪು. ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಯಾಕೆಂದರೆ ಶೋರೂಮಿನವರೂ ಇದನ್ನೇ ಮಾಡುತ್ತಾರೆ: ಲೋಡ್ ಇಲ್ಲದೆ, ಅಂದರೆ ದೊಡ್ಡ ಕರೆಂಟ್ ಹರಿಯದಿರುವಾಗ ಅಳೆಯುವುದು. ಗಾಡಿ ನಿಂತಿರುವಾಗ ಬ್ಯಾಟರಿಗೆ ಮಲ್ಟಿಮೀಟರ್ ಇಟ್ಟರೆ 12.6 ವೋಲ್ಟ್ ಬಂತು, ಅಂದರೆ ಫುಲ್ ಚಾರ್ಜ್. ಅರ್ಥ್ ವೈರಿನ ಎರಡೂ ತುದಿಗೆ ಬೀಪ್ ಟೆಸ್ಟ್ (ವೈರ್ ತುಂಡಾಗಿಲ್ಲದಿದ್ದರೆ ಮೀಟರ್ ಸದ್ದು ಮಾಡುವ ಪರೀಕ್ಷೆ) ಮಾಡಿದರೆ ಬೀಪ್ ಬಂತು. ಎಲ್ಲ ಸರಿ ಅಂದುಕೊಂಡು ಸೆಲ್ಫ್ ಮೋಟರ್ ಬಿಚ್ಚಿಸಿದೆವು. ಅಲ್ಲೇ ಎಡವಿದ್ದು. ಬೀಪ್ ಟೆಸ್ಟಿನಲ್ಲಿ ಮೀಟರ್ ಕಳಿಸುವ ಕರೆಂಟ್ ಒಂದೆರಡು ಮಿಲಿಆಂಪ್ ಅಷ್ಟೇ. ಕೇಬಲಿನ ಒಂದೇ ಒಂದು ಎಳೆ ಉಳಿದಿದ್ದರೂ ಬೀಪ್ ಬರುತ್ತದೆ. ಆದರೆ ಸಣ್ಣ ಡೀಸೆಲ್ ಇಂಜಿನ್ನಿನ ಸೆಲ್ಫ್ 200 ಆಂಪ್ ಎಳೆಯುತ್ತದೆ ಅಂತಿಟ್ಟುಕೊಳ್ಳಿ. ದಾರಿಯಲ್ಲಿ 0.02 ಓಮ್ ಅಡ್ಡಿಯಿದ್ದರೂ 200 × 0.02, ಅಂದರೆ 4 ವೋಲ್ಟ್ ಅಲ್ಲೇ ಸುಟ್ಟುಹೋಗಬೇಕು. ಅಷ್ಟು ಕಳೆದುಕೊಂಡು ಸೆಲ್ಫ್ ತಿರುಗುವುದಿಲ್ಲ, ಕಟಕಟ ಅನ್ನುತ್ತದೆ. ಈ 0.02 ಓಮನ್ನು ಸಾಮಾನ್ಯ ಮೀಟರ್ ತೋರಿಸುವುದೇ ಇಲ್ಲ. ಅದರ ಪ್ರೋಬ್ ವೈರಿಗೇ 0.2 ಓಮಿನಷ್ಟು ಇರುತ್ತದೆ. ಹಾಗಾಗಿ ಓಮ್ ಬಿಡಿ, ಕರೆಂಟ್ ಹರಿಯುತ್ತಿರುವಾಗಲೇ ವೋಲ್ಟ್ ಅಳೆಯಿರಿ.

ಹೇಗೆ ಅಂದರೆ, ಮೀಟರನ್ನು ಡಿಸಿ 20 ವೋಲ್ಟಿಗೆ ಇಡಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿರಲಿ. ಒಂದು ಪ್ರೋಬನ್ನು ಬ್ಯಾಟರಿಯ ನೆಗೆಟಿವ್ ಸೀಸದ ಗೂಟದ ಮೇಲೇ ಒತ್ತಿ. ಕ್ಲ್ಯಾಂಪಿನ ಮೇಲೆ ಬೇಡ, ಗೂಟ ಮತ್ತು ಕ್ಲ್ಯಾಂಪಿನ ನಡುವೆಯೂ ದೋಷ ಇರಬಹುದು. ಇನ್ನೊಂದನ್ನು ಇಂಜಿನ್ ಬ್ಲಾಕಿಗೆ ಒತ್ತಿ ಇನ್ನೊಬ್ಬರ ಕೈಲಿ ಸೆಲ್ಫ್ ಹೊಡೆಸಿ. ಮೀಟರಿನಲ್ಲಿ ಮ್ಯಾಕ್ಸ್ ಬಟನ್ ಇದ್ದರೆ ಒತ್ತಿಟ್ಟುಕೊಳ್ಳಿ, ಇಂಜಿನ್ ಬೇಗ ಸ್ಟಾರ್ಟ್ ಆದರೂ ಅಳತೆ ಉಳಿದಿರುತ್ತದೆ. 0.2 ವೋಲ್ಟಿಗಿಂತ ಕಡಿಮೆ ಬಂದರೆ ಒಳ್ಳೆಯದು, 0.5 ದಾಟಿದರೆ ಅರ್ಥ್ ಕೆಟ್ಟಿದೆ ಅಂತ ಖಚಿತ. ಪಾಸಿಟಿವ್ ಕಡೆ ಗೂಟದಿಂದ ಸೆಲ್ಫಿನಲ್ಲಿ ಕೇಬಲ್ ಬಿಗಿಯುವ ದಪ್ಪ ಬೋಲ್ಟ್, ಅಂದರೆ ಸ್ಟಡ್‌ವರೆಗೆ ಹೀಗೇ ಅಳೆಯಿರಿ, 0.5 ರ ಒಳಗಿರಬೇಕು. ಆಮೇಲೆ ಒಂದೊಂದೇ ಜಾಯಿಂಟ್ ಹಿಡಿಯಿರಿ: ಗೂಟದಿಂದ ಕ್ಲ್ಯಾಂಪ್, ಕ್ಲ್ಯಾಂಪಿನಿಂದ ಲಗ್, ಲಗ್ಗಿನಿಂದ ಚಾಸಿ, ಚಾಸಿಯಿಂದ ಇಂಜಿನ್. ಅಳತೆ ಎಲ್ಲಿ ಒಮ್ಮೆಲೇ ಏರುತ್ತದೋ ಅಲ್ಲೇ ಕಳ್ಳ. ಚಾಸಿಯಿಂದ ಇಂಜಿನ್ ಅಥವಾ ಗೇರ್‌ಬಾಕ್ಸಿಗೆ ಹೋಗುವ ಹೆಣೆದ ಪಟ್ಟಿಯನ್ನು ಮರೆಯಬೇಡಿ. ಅದು ಕೆಳಗಿರುವುದರಿಂದ ಕೆಸರು ತಿಂದು ಒಳಗೊಳಗೇ ಹಸಿರುಗಟ್ಟಿರುತ್ತದೆ.

ರಿಪೇರಿ ಕೆಲಸ ಸಣ್ಣದು. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಬೋಲ್ಟ್ ತೆಗೆದು, ಲಗ್ ಮತ್ತು ಚಾಸಿ ಎರಡನ್ನೂ ಎಮರಿ ಪೇಪರಿನಲ್ಲಿ ಕಬ್ಬಿಣ ಬೆಳ್ಳಗೆ ಹೊಳೆಯುವವರೆಗೆ ಉಜ್ಜಿ. ಹಲ್ಲಿರುವ ವಾಷರ್ ಹಾಕಿ ಗಟ್ಟಿಯಾಗಿ ಬಿಗಿಯಿರಿ. ಬಿಗಿದ ಮೇಲೆ ಹೊರಗಿನಿಂದ ಪೆಟ್ರೋಲಿಯಂ ಜೆಲ್ಲಿ ಸವರಿ. ಕೇಬಲಿನ ತಾಮ್ರವೇ ಹಸಿರಾಗಿದ್ದರೆ ಅದೇ ದಪ್ಪದ ಹೊಸ ಕೇಬಲ್ ಹಾಕಿಸಿ, ಲಗ್ಗನ್ನು ಸುತ್ತಿಗೆಯಲ್ಲಿ ಕುಟ್ಟದೆ ಕ್ರಿಂಪಿಂಗ್ ಟೂಲಿನಲ್ಲಿ ಒತ್ತಿಸಿ.

ಮೂರು ಬ್ಯಾಟರಿ ಯಾಕೆ ಸತ್ತವು ಅನ್ನುವುದಕ್ಕೂ ಉತ್ತರ ಇದರಲ್ಲೇ ಇದೆ. ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ 14.2 ವೋಲ್ಟ್ ಕೊಟ್ಟರೂ ಕೆಟ್ಟ ಅರ್ಥ್ ದಾಟಿ ಬ್ಯಾಟರಿಗೆ 13 ರ ಆಸುಪಾಸು ಮಾತ್ರ ತಲುಪಿದರೆ ಅದು ಯಾವತ್ತೂ ಪೂರ್ತಿ ಚಾರ್ಜ್ ಆಗುವುದಿಲ್ಲ. ಅರೆಹೊಟ್ಟೆಯಲ್ಲೇ ಇರುವ ಬ್ಯಾಟರಿಯ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಹೊಸದೂ ಹಳೆಯದಾಗುತ್ತದೆ. ಇಂಜಿನ್ ಆನ್ ಮಾಡಿ, ಹೆಡ್‌ಲೈಟ್ ಮತ್ತು ಬ್ಲೋವರ್ ಹಾಕಿ, ಆಲ್ಟರ್ನೇಟರಿನ ಸ್ಟಡ್ ಮತ್ತು ಅದರ ಬಾಡಿಯ ನಡುವೆ ಒಮ್ಮೆ, ಬ್ಯಾಟರಿಯ ಎರಡು ಗೂಟಗಳ ನಡುವೆ ಒಮ್ಮೆ ಅಳೆಯಿರಿ. ವ್ಯತ್ಯಾಸ ಅರ್ಧ ವೋಲ್ಟ್ ದಾಟಬಾರದು.

ದೀಪಗಳೆಲ್ಲ ಒಟ್ಟಿಗೆ ಹತ್ತುವುದರ ಬಗ್ಗೆ: ಸೆಲ್ಫ್ ಹೊಡೆದಾಗ ವೋಲ್ಟೇಜ್ ತೀರಾ ಬಿದ್ದರೆ ಇಂಜಿನ್, ಬ್ರೇಕ್ ನೋಡಿಕೊಳ್ಳುವ ಸಣ್ಣ ಕಂಪ್ಯೂಟರುಗಳಾದ ಕಂಟ್ರೋಲ್ ಯೂನಿಟ್‌ಗಳು ರೀಸೆಟ್ ಆಗುತ್ತವೆ, ಒಂದರ ಮಾತು ಇನ್ನೊಂದಕ್ಕೆ ತಲುಪುವುದಿಲ್ಲ. ಸ್ಕ್ಯಾನರಿನಲ್ಲಿ 'ಯು' ಅಕ್ಷರದಿಂದ ಶುರುವಾಗುವ ಕೋಡ್‌ಗಳ ಸಾಲೇ ಬರುತ್ತದೆ. ಅದನ್ನು ನೋಡಿ ಎಬಿಎಸ್ ಯೂನಿಟ್ ಬದಲಾಯಿಸೋಣ ಅಂದರೆ ಒಪ್ಪಬೇಡಿ. ಅರ್ಥ್ ಸರಿಮಾಡಿ, ಕೋಡ್ ಅಳಿಸಿ, ಓಡಿಸಿದ ಮೇಲೂ ಅದೇ ಕೋಡ್ ವಾಪಸ್ ಬಂದರೆ ಮಾತ್ರ ಮುಂದಿನ ಮಾತು. ಆಗಲೂ ಮೊದಲು ಬ್ಯಾಟರಿ ಬಿಚ್ಚಿ ಓಬಿಡಿ ಸಾಕೆಟ್ಟಿನ (ಸ್ಕ್ಯಾನರ್ ಸಿಕ್ಕಿಸುವ ಜಾಗ) 6 ಮತ್ತು 14ನೇ ಪಿನ್ನಿನ ನಡುವೆ ಓಮ್ ನೋಡಿಸಿ. ಸಾಮಾನ್ಯವಾಗಿ 60 ಓಮಿನ ಹತ್ತಿರ ಇರಬೇಕು. 120 ಬಂದರೆ ಕಂಟ್ರೋಲ್ ಯೂನಿಟ್‌ಗಳು ಮಾತಾಡಿಕೊಳ್ಳುವ ಜೋಡಿ ವೈರಿನಲ್ಲಿ ಎಲ್ಲೋ ತುಂಡಾಗಿದೆ. ಇಲಿ ಕಡಿದಿರುವುದೂ ಉಂಟು.

ಅರ್ಥ್ ಅಳತೆಗಳೆಲ್ಲ ಸರಿಯಿದ್ದೂ ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಸತ್ತಿದ್ದರೆ ಯಾವುದೋ ಒಂದು ಕರೆಂಟ್ ಕುಡಿಯುತ್ತಿದೆ. ಬಾಗಿಲ ಲಾಕನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಮುಚ್ಚಿದ ಹಾಗೆ ಮಾಡಿ, ಕೀ ದೂರವಿಟ್ಟು, ನೆಗೆಟಿವ್ ವೈರಿನ ಮಧ್ಯೆ ಮೀಟರನ್ನು 10 ಆಂಪ್ ಸಾಕೆಟ್ಟಿನಲ್ಲಿ ಜೋಡಿಸಿ ಅರ್ಧ ಗಂಟೆ ಬಿಡಿ. ಮೀಟರ್ ಜೋಡಿಸಿರುವಾಗ ಇಗ್ನಿಷನ್ ಆನ್ ಮಾಡಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ. 50 ಮಿಲಿಆಂಪಿನ ಒಳಗೆ ಇಳಿಯಬೇಕು. 500 ಮಿಲಿಆಂಪಿನಲ್ಲೇ ನಿಂತಿದ್ದರೆ ದಿನಕ್ಕೆ 12 ಆಂಪ್ ಅವರ್ ಖಾಲಿ, ಮೂರು ದಿನ ನಿಲ್ಲಿಸಿದರೆ 65 ಆಂಪ್ ಅವರ್ ಬ್ಯಾಟರಿಯ ಅರ್ಧಕ್ಕಿಂತ ಹೆಚ್ಚು ಮುಗಿಯಿತು. ಮೊದಲು ಹೊರಗೆ ಹಾಕಿಸಿದ ಮ್ಯೂಸಿಕ್ ಸಿಸ್ಟಮ್, ಜಿಪಿಎಸ್ ಬಿಚ್ಚಿ ನೋಡಿ. ನೆಗೆಟಿವ್ ಕ್ಲ್ಯಾಂಪಿನ ಮೇಲೆ ಸಣ್ಣ ಸೆನ್ಸರ್ ಇರುವ ಗಾಡಿಯಾದರೆ ಈ ಸಾಮಾನುಗಳ ಅರ್ಥನ್ನು ಚಾಸಿಗೆ ಕೊಡಿಸಿ. ನೇರ ಗೂಟಕ್ಕೆ ಕೊಟ್ಟರೆ ಆ ಕರೆಂಟ್ ಸೆನ್ಸರಿನ ಲೆಕ್ಕಕ್ಕೆ ಬರುವುದಿಲ್ಲ, ಚಾರ್ಜಿಂಗ್ ಲೆಕ್ಕ ತಪ್ಪುತ್ತದೆ.

ಮುಂದೆ ಯಾವುದೇ ವೆಲ್ಡಿಂಗ್ ಮಾಡಿಸುವ ಮುಂಚೆ ಬ್ಯಾಟರಿಯ ಎರಡೂ ಟರ್ಮಿನಲ್, ಇಸಿಯು (ಇಂಜಿನ್ ಕಂಟ್ರೋಲ್ ಯೂನಿಟ್) ಕಪ್ಲರ್ ಬಿಚ್ಚಿಸಿ. ವೆಲ್ಡಿಂಗ್ ಅರ್ಥ್ ಕ್ಲ್ಯಾಂಪ್ ಬೆಸುಗೆಯ ಜಾಗದ ಪಕ್ಕದಲ್ಲೇ ಇರಬೇಕು.

ಕೇಸ್ ಹಾಕಬಹುದೇ ಅಂತಲೂ ಕೇಳಿದ್ದೀರಿ. ದೋಷ ಕಂಪನಿಯ ವೈರಿಂಗಿನಲ್ಲೇ ಅಂತ ಅಳತೆಯಿಂದ ಗೊತ್ತಾದರೆ ಹಾಕಿ, ಅಲ್ಲಿಯವರೆಗೆ ಬೇಡ. ಮಾಲು ಸಾಗಿಸುವ ಗಾಡಿಗೆ ಗ್ರಾಹಕ ಕಾನೂನು ಅನ್ವಯಿಸುವುದಿಲ್ಲ ಅಂತ ಹೆದರಿಸುವವರಿದ್ದಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸ್ವಯಂ ಉದ್ಯೋಗದಿಂದ ಹೊಟ್ಟೆ ಹೊರೆಯಲಷ್ಟೇ ಕೊಂಡ ವಸ್ತುವನ್ನು ವಾಣಿಜ್ಯ ಉದ್ದೇಶದ್ದೆಂದು ಎಣಿಸುವುದಿಲ್ಲ. ನೀವೇ ಓಡಿಸುವ ಒಂದೇ ಗಾಡಿಯಾದರೆ ಅದನ್ನು ದೂರಿನಲ್ಲಿ ಸ್ಪಷ್ಟವಾಗಿ ಬರೆಯಿರಿ. ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಎರಡು ವರ್ಷದೊಳಗೆ ದೂರು ಕೊಡಬಹುದು, ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ವಿಚಾರಿಸಬಹುದು. ಆಯೋಗದ ಮುಂದೆ ಸಾಕ್ಷಿಯಾಗಿ ನಿಲ್ಲುವುದು ಜಾಬ್ ಕಾರ್ಡ್, ಅಂದರೆ ಸರ್ವಿಸಿಗೆ ಬಿಟ್ಟಾಗ ದೂರು ಬರೆದುಕೊಳ್ಳುವ ಚೀಟಿ. ಅದರಲ್ಲಿ 'ಜನರಲ್ ಚೆಕಪ್' ಅಂತ ಬರೆಯಲು ಬಿಡಬೇಡಿ. 'ಬೆಳಿಗ್ಗೆ ಸೆಲ್ಫ್ ತಿರುಗುವುದಿಲ್ಲ, ಸೆಲ್ಫ್ ಹೊಡೆದಾಗ ಗೂಟದಿಂದ ಬ್ಲಾಕಿಗೆ ಇಷ್ಟು ವೋಲ್ಟ್' ಅಂತಲೇ ಬರೆಸಿ, ಸ್ಕ್ಯಾನ್ ಮಾಡಿದ ಪ್ರಿಂಟ್ ಕೇಳಿ ಪಡೆಯಿರಿ.

ಗೂಟದಿಂದ ಬ್ಲಾಕಿಗೆ ಬಂದ ಅಳತೆ, ಆಲ್ಟರ್ನೇಟರ್ ಮತ್ತು ಬ್ಯಾಟರಿಯ ವ್ಯತ್ಯಾಸ, ಅರ್ಥ್ ಲಗ್ಗಿನ ಅಡಿಯಲ್ಲಿ ಪೇಂಟ್ ಇತ್ತೋ ಇಲ್ಲವೋ, ಈ ಮೂರನ್ನು ಕಾಮೆಂಟಿನಲ್ಲಿ ಹಾಕಿ. ಮುಂದೆ ಯಾವ ಕಡೆ ಹುಡುಕಬೇಕು ಅಂತ ಹೇಳುತ್ತೇನೆ.